ಒಂದು ಮೊಳ ಟೇಪು

ಒಂದು ಹಾಡಿನ ಒಂದು ಸಾಲಿಗೆ ಜಗಳವಾಗಿ ನಮ್ಮ ಪುಟ್ಟೇನಹಳ್ಳಿ ಭಜನೆ ಮಂಡಳಿಗೆ ಹಾರ್ಮೋನಿಯಂ ಇಲ್ಲದಂತಾಯಿತು. ಜಗಳ ಆಡಿದವನು ನಾನು. ಪೆಟ್ಟಿಗೆ ಎತ್ತಿಕೊಂಡು ಹೋದವನು ಶಿವಪುತ್ರ. ಅದು ಸೋಮವಾರ. ಭಾನುವಾರ ಸಹಕಾರನಗರದ ದೇವಸ್ಥಾನದಲ್ಲಿ ನಮ್ಮ ಕಾರ್ಯಕ್ರಮವಿತ್ತು.

ಹಾಡು ಯಾವುದೆಂದು ಮೊದಲು ಹೇಳಬೇಕು. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗಿನಿಂದ ನಮ್ಮೂರ ಅಮ್ಮನ ಗುಡಿಯ ಮೈಕಿನಲ್ಲಿ ದಿನಾ ಬೆಳಿಗ್ಗೆ ಬರುತ್ತಿದ್ದ ಹಾಡು ಅದು. ಯಾವುದೋ ನಾಟಕ ಕಂಪನಿಯ ಹೆಂಗಸು ಹಾಡಿದ ಕ್ಯಾಸೆಟ್ಟು. ಸಿನಿಮಾದ್ದಲ್ಲ, ರೇಡಿಯೋದಲ್ಲಿ ಬಂದದ್ದೂ ಅಲ್ಲ.

‘ಸಂಜೆಗೆ ಹಣತೆಯ ಹಚ್ಚಿ ನೀರಿಗೆ ಕೊಟ್ಟೆನು ತಾಯೆ’ ಎಂದು ಅದರ ಮೊದಲ ನುಡಿ. ಹಾಡಿನಲ್ಲಿ ಹಾಗಿದೆಯೆಂದೇ ನಮ್ಮೂರ ಹೆಂಗಸರು ಶನಿವಾರದ ಭಜನೆ ಮುಗಿಸಿ ಕೆರೆಯ ದಡದಲ್ಲಿ ಒಂದು ದೀಪ ಇಡುತ್ತಾರೆ. ಕೆರೆಗೆ ಬೇಲಿ ಬಂದ ಮೇಲೆ ಗೇಟಿನ ಪಕ್ಕದ ಕಲ್ಲಿನ ಮೇಲೆ ಇಡುತ್ತಾರೆ. ಈ ಪದ್ಧತಿ ಸುತ್ತಮುತ್ತ ಬೇರೆ ಯಾವ ಊರಿನಲ್ಲೂ ಇಲ್ಲ. ಆ ಹಾಡನ್ನು ನಮ್ಮ ಕೆರೆ ನೋಡಿಯೇ ಬರೆದದ್ದು ಎಂದು ನಮ್ಮಮ್ಮ ಗೋಪಾಲಮ್ಮ ಹೇಳುತ್ತಿದ್ದಳು. ನಾನೂ ಕೇಳಿದವರಿಗೆಲ್ಲ ಹಾಗೇ ಹೇಳುತ್ತಿದ್ದೆ.

ಹೀಗಿರುವಾಗ ಮತ್ತಿಕೆರೆಯ ಕಡೆಯ ನಾಲ್ಕು ಕಾಲೇಜು ಹುಡುಗರು ಅದೇ ಹಾಡನ್ನು ಗಿಟಾರ್ ಇಟ್ಟುಕೊಂಡು ಹಾಡಿ ಮೊಬೈಲಿಗೆ ಬಿಟ್ಟರು. ಅದು ಎಲ್ಲರ ಫೋನಿಗೂ ಬಂತು. ನಾನು ಮೊದಲು ಕೇಳಿದ್ದು ನನ್ನ ಅಂಗಡಿಯಲ್ಲಿ. ನನ್ನದು ಪೈಪು, ನಲ್ಲಿ, ಬಣ್ಣದ ಡಬ್ಬ ಮಾರುವ ಅಂಗಡಿ. ಗಿರಾಕಿಯೊಬ್ಬನ ಫೋನು ಹೊಡೆದುಕೊಂಡಿತು. ‘ಸಂಜೆಗೆ ಹಣತೆಯ ಹಚ್ಚಿ ಹೊಸಿಲಲಿ ಇಟ್ಟೆನು ತಾಯೆ, ಮುಡಿದಾ ಹೂವನು ತೆಗೆದು ನೀರಿಗೆ ಕೊಟ್ಟೆನು ತಾಯೆ.’

“ಯಾರ್ ಸ್ವಾಮಿ ಅದು, ಹೊಸಿಲು ಹೂವು ಅಂತ ಇಲ್ಲದ್ದು ಸೇರಿಸಿರೋದು?” ಎಂದೆ.

“ಏನೋಪ್ಪ, ಚೆನ್ನಾಗೈತೆ ಅಂತ ಹಾಕ್ಕೊಂಡಿದೀನಿ.”

“ಮೊದ್ಲು ಅದನ್ನ ತೆಗೀರಿ. ಆಮೇಲೆ ನಲ್ಲಿ ಕೊಡ್ತೀನಿ.”

ಅವನು ಪಕ್ಕದ ಅಂಗಡಿಗೆ ಹೋದ. ಹೋಗಲಿ. ಆ ಹುಡುಗರು ಒಂದು ಕಡೆ ಸೇರಿಸಿದ್ದಲ್ಲದೆ ಇನ್ನೊಂದು ಕಡೆ ನುಂಗಿಯೂ ಇದ್ದರು. ಮೂರನೇ ನುಡಿ ನಾವು ಹಾಡುವುದು ಹೀಗೆ: ‘ಸೆರಗಲಿ ಕಾಳನು ಕಟ್ಟಿ ಹಕ್ಕಿಗೆ ಚೆಲ್ಲಿದೆ ತಾಯೆ, ಉಳಿದಾ ಹಿಡಿಯನು ಹೊತ್ತು ಮನೆಯನು ಸೇರಿದೆ ತಾಯೆ.’ ಇವರು ‘ಸೆರಗಲಿ ಕಾಳನು ಕಟ್ಟಿ ಮನೆಯನು ಸೇರಿದೆ ತಾಯೆ’ ಎಂದು ಮುಗಿಸಿಬಿಡುತ್ತಾರೆ. ಹಕ್ಕಿಗೆ ಒಂದು ಕಾಳೂ ಇಲ್ಲ. ಜಿಪುಣರು ಎಂದು ನಾನು ಸಿಕ್ಕಸಿಕ್ಕವರಿಗೆ ಹೇಳಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಇನ್ನು ಶಿವಪುತ್ರ. ವಿಜಯಪುರದ ಕಡೆಯವನು, ಯಶವಂತಪುರದ ಹತ್ತಿರ ಕಾರ್ಖಾನೆಯಲ್ಲಿ ಕೆಲಸ, ನಮ್ಮ ಬೀದಿಯಲ್ಲೇ ಬಾಡಿಗೆಗೆ ಇದ್ದಾನೆ. ನಮ್ಮ ಹಾರ್ಮೋನಿಯಂ ವೆಂಕಟೇಶಪ್ಪ ತೀರಿಕೊಂಡ ಮೇಲೆ ಭಜನೆ ನಿಂತೇ ಹೋಗಿತ್ತು. ಶನಿವಾರ ಸಂಜೆ ಅಮ್ಮ ಗುಡಿಗೆ ಹೋಗಿ ಸುಮ್ಮನೆ ಕೂತು ಬರುತ್ತಿದ್ದಳು. ಈ ಶಿವಪುತ್ರ ತನ್ನದೇ ಪೆಟ್ಟಿಗೆ ತಂದು ಬಾರಿಸಲು ಕೂತ ಮೇಲೆ ಮತ್ತೆ ಜೀವ ಬಂತು.

ಸೋಮವಾರ ಅಭ್ಯಾಸದಲ್ಲಿ ಹಣತೆ ಹಾಡಿಗೆ ಬಂದಾಗ ಅವನು ಕೈ ನಿಲ್ಲಿಸಿದ.

“ಅಣ್ಣಾರ, ಇಲ್ಲಿ ಏನೋ ಬಿಟ್ಟೀರಿ. ‘ಹಚ್ಚಿ’ ಅಂದಮ್ಯಾಲ ತಾಳ ಕೂಡವಲ್ದು.”

“ನಮಗೆ ಕೂಡ್ತದೆ. ನೀವು ನಮ್ಮ ಹಿಂದೆ ಬನ್ನಿ.”

“ಹಿಂದ ಬಂದ್ರ ಎಡವಿ ಬೀಳ್ತೀನ್ರಿ. ಆ ಹುಡುಗರು ಹಾಡಿದ್ದು ಕೇಳ್ರಿ, ಅಲ್ಲಿ ಬರಾಬರಿ ಕೂಡ್ತೈತಿ.”

ಅಷ್ಟು ಸಾಕಾಯಿತು ನನಗೆ. “ನಿನ್ನೆ ಮೊನ್ನೆ ಬಂದೋನು ನೀನು, ಮೊಬೈಲ್ ನೋಡಿ ಕಲಿತು ನಮ್ಮೂರ ಹಾಡು ನಮಗೇ ಹೇಳಿಕೊಡ್ತೀಯಾ? ಹೋಗು, ಆ ಗಿಟಾರ್ ಹುಡುಗರ ಜೊತೆನೇ ಬಾರಿಸ್ಕೋ ಹೋಗು.”

ಅದುವರೆಗೆ ‘ನೀವು’ ಎನ್ನುತ್ತಿದ್ದವನು ಹದಿನೈದು ಜನರ ಮುಂದೆ ‘ನೀನು’ ಎಂದೆ. ಅವನು ಪೆಟ್ಟಿಗೆ ಮುಚ್ಚಿ, ನಮ್ಮಮ್ಮನಿಗೆ ಕೈಮುಗಿದು, ಅದನ್ನು ಎತ್ತಿಕೊಂಡು ಹೋದ.

“ಬಾಯಿ ಐತೆ ಅಂತ ಬೈದ್ಬಿಟ್ಟೆ. ಭಾನುವಾರ ಏನ್ ಮಾಡ್ತೀಯ, ಬಾಯಲ್ಲೇ ಪೆಟ್ಟಿಗೆ ಬಾರಿಸ್ತೀಯಾ?” ಎಂದರು ಮುನಿಗಂಗಪ್ಪ, ನಮ್ಮ ತಬಲಾದವರು.

“ಅವನು ತಪ್ಪು ಅಂತ ತೋರಿಸಿಕೊಟ್ಟು, ಆಮೇಲೆ ನಾನೇ ಕರ್ಕೊಂಡ್ ಬರ್ತೀನಿ” ಎಂದೆ.

ತೋರಿಸುವುದು ಹೇಗೆ? ಮಗಳು ಮೋನಿಷಾಳನ್ನು ಕೂರಿಸಿಕೊಂಡೆ. “ಈ ಹಾಡನ್ನ ಯಾರ್ಯಾರು ಹಾಡಿದಾರೋ ಅಷ್ಟನ್ನೂ ಹಾಕು.”

“ತುಂಬಾ ಇದೆ ಅಪ್ಪಾ. ಎಲ್ಲಾ ಕವರ್‌ಗಳೇ, ಅದೇ ಹಾಡನ್ನ ಬೇರೆಯವರು ಹಾಡಿರೋದು.”

“ಹಾಕು ಅಂದೆ.”

ಹಾಕಿದಳು. ಒಬ್ಬ ಹುಡುಗಿ ಬರೀ ತಂಬೂರಿ ಶ್ರುತಿ ಇಟ್ಟುಕೊಂಡು ನಿಧಾನವಾಗಿ, ಒಂದೊಂದು ಅಕ್ಷರವನ್ನೂ ಎಳೆದು ಹಾಡಿದ್ದಳು. ಒಬ್ಬ ನಡುವೆ ಇಂಗ್ಲಿಷಿನಲ್ಲಿ ಏನೋ ಬಡಬಡಿಸಿದ್ದ. ಅವನನ್ನು ಅರ್ಧಕ್ಕೇ ನಿಲ್ಲಿಸಿದೆ. ಒಂದು ಮದುವೆ ಬ್ಯಾಂಡಿನವರು ಹಾಡೇ ಇಲ್ಲದೆ ಬರೀ ಕಹಳೆಯಲ್ಲಿ ಊದಿದ್ದರು, ಅದು ಮಾತ್ರ ಚೆನ್ನಾಗಿತ್ತು. ಮೊದಲು ತಪ್ಪು ಹಿಡಿಯಲು ಕೂತಿದ್ದೆ. ಕೇಳುತ್ತಾ ಕೇಳುತ್ತಾ ಅದು ಮರೆತು ಬೇರೆಯೇ ಕುತೂಹಲ ಹತ್ತಿತು. ಒಬ್ಬರು ಓಡಿಸುತ್ತಾರೆ, ಒಬ್ಬರು ಎಳೆಯುತ್ತಾರೆ, ಒಬ್ಬರದು ಅಳು, ಒಬ್ಬರದು ಕುಣಿತ. ಆದರೆ ಹೊಸಿಲು ಮತ್ತು ಹೂವು ಎಲ್ಲರಲ್ಲೂ ಇದೆ. ಕಹಳೆಯವನು ಕೂಡ ಅಷ್ಟು ಹೊತ್ತು ಅಲ್ಲಿ ಊದುತ್ತಾನೆ. ಅದು ಇಲ್ಲದಿರುವುದು ನಮ್ಮಲ್ಲಿ ಮಾತ್ರ.

“ಎಲ್ಲಾ ಆ ಹುಡುಗರನ್ನ ನೋಡಿ ಕಲ್ತಿರಬಹುದು” ಎಂದಳು ಮೋನಿಷಾ.

“ಆ ಹುಡುಗರು ಯಾರನ್ನ ನೋಡಿದ್ರಂತೆ?”

ಅವಳು ವಿಡಿಯೋದ ಕೆಳಗೆ ಬರೆದದ್ದನ್ನು ಓದಿದಳು. ಅವರಲ್ಲೊಬ್ಬನ ಅಜ್ಜಿ ಮಾಗಡಿಯವರಂತೆ. ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಹಳೇ ಕ್ಯಾಸೆಟ್ಟಂತೆ.

“ಹಾಗಿದ್ರೆ ನಮ್ಮ ಕ್ಯಾಸೆಟ್ಟೇ ಹುಡುಕ್ತೀನಿ. ಮೂಲ ಹಾಡು ನಮ್ಮ ಗುಡಿಯಲ್ಲೇ ಇರೋವಾಗ ಇವರದೇನು ಕೇಳೋದು?”

ಗುಡಿಯ ಮೈಕು ನೋಡಿಕೊಳ್ಳುತ್ತಿದ್ದದ್ದು ಸೊಣ್ಣಪ್ಪ ಮಾವ. ಈಗ ವಯಸ್ಸಾಗಿ ಮನೆಯಲ್ಲಿದ್ದಾರೆ. ಗುರುವಾರ ಮಧ್ಯಾಹ್ನ ಹೋದೆ. ಕ್ಯಾಸೆಟ್ಟೂ ಇತ್ತು, ಅದನ್ನು ಹಾಕುತ್ತಿದ್ದ ಟೇಪ್ ರೆಕಾರ್ಡರೂ ಇತ್ತು. ಮಂಚದ ಕೆಳಗಿನಿಂದ ಎಳೆದು ಧೂಳು ಒರೆಸಿ ಹಾಕಿದರು. ಮೊದಲು ಕರಕರ ಎಂದಿತು, ಆಮೇಲೆ ಆ ದನಿ ಬಂತು. ನನಗೆ ಸ್ಕೂಲಿನ ಚಡ್ಡಿ, ಕೆರೆಯ ನೀರಿನ ವಾಸನೆ ಎಲ್ಲ ಒಟ್ಟಿಗೆ ನೆನಪಾದವು. ಸೊಣ್ಣಪ್ಪ ಮಾವ ತಲೆಯಾಡಿಸುತ್ತಾ ಜೊತೆಗೆ ಹಾಡಿದರು.

‘ಸಂಜೆಗೆ ಹಣತೆಯ ಹಚ್ಚಿ’, ಟಕ್, ‘ನೀರಿಗೆ ಕೊಟ್ಟೆನು ತಾಯೆ.’

ನೋಡಿದೆಯಾ ಎಂದು ಯಾರಿಗೋ ಹೇಳುವವನ ಹಾಗೆ ತೊಡೆ ತಟ್ಟಿಕೊಂಡೆ. ತಟ್ಟಿದ ಕೈ ಅಲ್ಲೇ ನಿಂತಿತು.

“ಮಾವ, ಅಲ್ಲಿ ಟಕ್ ಅಂತದಲ್ಲ, ಏನದು?”

“ಅದಾ? ಅದು ಅಂಟು ಕಣೋ.”

“ಏನಂಟು?”

“ಒಂದಿನ ಮಿಷಿನ್ನು ಟೇಪು ನುಂಗ್ಬುಡ್ತು. ಬಿಡಿಸಿದ್ರೆ ಒಂದು ಮೊಳ ಪೂರ್ತಿ ಮುದುಡೋಗಿತ್ತು. ಕತ್ರಿಸಿ ಬಿಸಾಕಿ, ಎರಡು ತುದೀನೂ ಸೇರಿಸಿ ಅಂಟಿಸ್ದೆ.” ಕ್ಯಾಸೆಟ್ಟನ್ನು ತೆಗೆದು, ಪೆನ್ಸಿಲ್ಲಿನಿಂದ ತಿರುಗಿಸಿ ತೋರಿಸಿದರು. ಕಂದು ಟೇಪಿನ ಮೇಲೆ ಹಳದಿಗಟ್ಟಿದ ಒಂದು ತುಂಡು ಅಂಟುಪಟ್ಟಿ.

“ಹಾಡು ಹೋಗ್ಬಿಡ್ತಲ್ಲ ಮಾವ! ಯಾರಿಗಾದ್ರೂ ಹೇಳಿದ್ರಾ?”

“ಯೋಳೋಕೇನೈತೆ? ಬೆಳಿಗ್ಗೆ ಅಮ್ಮಂಗೆ ಆಡು ಆಕ್ಬೇಕಾ ಬ್ಯಾಡ್ವಾ? ಒಂದು ಮೊಳ ಓದ್ರೆ ಯಾರ್ಗೇನಾಯ್ತು? ನೀವೆಲ್ಲ ಅದ್ನೇ ಆಡ್ಕೊಂಡ್ ಸಂದಾಗೇ ಇದ್ದೀರಲ್ಲ!”

ಹೌದು, ಚೆನ್ನಾಗೇ ಇದ್ದೆವು. ಆ ಟಕ್ ಬರುವ ಕಡೆ ತಾಳ ಎಡವುತ್ತದೆ. ನಾವು ಎಡವುವುದನ್ನೂ ಕಲಿತು ಹಾಡಿದ್ದೆವು. ಮುನಿಗಂಗಪ್ಪ ಅಲ್ಲಿ ತಬಲಕ್ಕೆ ಒಂದು ಪೆಟ್ಟು ಹೆಚ್ಚಿಗೆ ಕೊಡುತ್ತಾರೆ. ಊರಿಗೆ ಊರೇ ಒಂದು ಅಂಟುಪಟ್ಟಿಯನ್ನು ಬಾಯಿಪಾಠ ಮಾಡಿತ್ತು. ಹಣತೆ ಹೊಸಿಲಿಗೆ ಸೇರಿದ್ದು. ನೀರಿಗೆ ಸೇರಬೇಕಾದದ್ದು ಹೂವು. ಹಾಗಾದರೆ ಕೆರೆಯ ಗೇಟಿನ ಪಕ್ಕದ ದೀಪ?

ಮನೆಗೆ ಬಂದೆ. ಅಮ್ಮನಿಗೆ ಹೇಳದೇ ಇರೋಣವೆಂದುಕೊಂಡೆ; ನನಗೆ ಅದು ಬರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಬಾಯಿಗೆ ಬಂದುಬಿಡುತ್ತದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಟೇಪು, ಮೊಳ, ಅಂಟು ಎಲ್ಲ ಹೇಳಿದೆ. ಬೈಯುತ್ತಾಳೆಂದುಕೊಂಡೆ.

“ಊವಾ? ಯಾವ ಊವಂತೆ?” ಎಂದಳು.

“ಯಾವುದೋ. ಮುಡಿದಿದ್ದ ಹೂವು ಅಂತದೆ.”

“ಅದ್ನ ಇನ್ನೊಂದ್ಸಲ ಯೋಳು.”

ನಾನು ಹಾಡಲಿಲ್ಲ, ಓದಿದ ಹಾಗೆ ಹೇಳಿದೆ. ‘ಮುಡಿದಾ ಹೂವನು ತೆಗೆದು ನೀರಿಗೆ ಕೊಟ್ಟೆನು ತಾಯೆ.’ ಅಮ್ಮನ ಕೈ ಕಾಯಿಯ ಮೇಲೆ ನಿಂತಿತು.

“ಮುಡಿದಿದ್ದ ಊವ ಯಾವಾಗ ತೆಗೆದು ನೀರಿಗಾಕ್ತಾರೋ, ಮುನೇಸ?”

ನನಗೆ ಗೊತ್ತಾಗಲಿಲ್ಲ. ಆಮೇಲೆ ಗೊತ್ತಾಯಿತು. ಅಪ್ಪ ಹೋದ ಮೇಲೆ ಅಮ್ಮ ಹೂವು ಮುಡಿದಿಲ್ಲ.

“ಗಂಡ ಓದೋಳು ಆಡಿರೋ ಆಡು ಅದು” ಎಂದಳು. “ಇಷ್ಟು ವರ್ಸ ಆಡಿದೀನಿ. ಯಾರ್ದೋ ಅಂತ ಆಡಿದೀನಿ.” ಮತ್ತೆ ಸುಲಿಯಲು ಶುರುಮಾಡಿದಳು. ಸುಲಿಯುತ್ತಲೇ, “ಆ ಸಾಲು ಆಡ್ಬೇಕು ನಾನು. ಓಗಿ ಆ ಮಗೀನ ಕರ್ಕೊಂಡ್ ಬಾ. ಪೆಟ್ಟಿಗೆ ಇಲ್ದೆ ಓದ್ರೆ ನಾಲಿಗೆ ಮತ್ತೆ ಅಳೇ ದಾರೀನೇ ಇಡೀತದೆ” ಎಂದಳು.

“ದೀಪ ಏನ್ ಮಾಡ್ತೀಯ?”

“ದೀಪ ಏನ್ ಮಾಡ್ತು ನಿಂಗೆ? ಇಟ್ರೆ ಕೆರೆ ಬ್ಯಾಡ ಅಂತಾ?”

ಶುಕ್ರವಾರ ಸಂಜೆ ಶಿವಪುತ್ರ ಕಾರ್ಖಾನೆಯಿಂದ ಬರುವುದನ್ನೇ ಕಾದು ಅವನ ಮನೆಯ ಮೆಟ್ಟಿಲ ಮೇಲೆ ಕೂತಿದ್ದೆ. ಅವನು ಟಿಫಿನ್ ಡಬ್ಬ ಹಿಡಿದು ಬಂದ. ನನ್ನನ್ನು ನೋಡಿ ನಿಂತ.

“ನೀವು ಹೇಳಿದ್ದು ಸರಿ, ನಾನು ಹೇಳಿದ್ದು ತಪ್ಪು. ನಮ್ಮ ಟೇಪನ್ನೇ ಕತ್ತರಿಸಿದ್ರು. ನಿಮ್ಮನ್ನ ನೀನು ಅಂದಿದ್ದೂ ತಪ್ಪು. ನಾಳೆ ಅಭ್ಯಾಸಕ್ಕೆ ಬರಬೇಕು” ಎಂದೆ. ಮೆಟ್ಟಿಲ ಮೇಲೆ ಕೂತು ಇಷ್ಟನ್ನೇ ಜೋಡಿಸಿಕೊಂಡಿದ್ದೆ.

“ಇಷ್ಟ ಹೇಳಾಕ ಹೊರಗ ಕುಂತೀರಿ? ಒಳಗ ಬರ್ರಿ, ಚಾ ಕುಡೀರಿ.”

“ಮೊದ್ಲು ಬರ್ತೀರೋ ಇಲ್ವೋ ಹೇಳಿ.”

“ಅಣ್ಣಾರ, ಕ್ಷಮಾ ಕೇಳೋದೂ ಜಗಳ ಆಡಿದಂಗ ಕೇಳ್ತೀರಲ್ರಿ” ಎಂದು ನಕ್ಕ. “ಕತ್ತರಿಸಿದ್ದು ಅಂದ್ರಲ್ಲ, ಎಷ್ಟು?”

“ಒಂದು ಮೊಳ.”

ಅವನು ಡಬ್ಬ ಕೆಳಗಿಟ್ಟು, ಮೊಣಕೈಯಿಂದ ಬೆರಳ ತುದಿಯವರೆಗೆ ನೋಡಿಕೊಂಡು, ಮೆಲ್ಲಗೆ ಆ ಸಾಲು ಗುನುಗಿದ. “ಬರಾಬರಿ ಅಷ್ಟ ಐತ್ರಿ” ಎಂದ.

ಶನಿವಾರ ಅಭ್ಯಾಸ ಶುರುವಾಯಿತು. ಹೊಸ ಸಾಲನ್ನು ಮೋನಿಷಾ ಎಲ್ಲರಿಗೂ ಹೇಳಿಕೊಟ್ಟಳು. ಹಾಡುವಾಗ ಮಾತ್ರ ಆ ಜಾಗ ಬಂದರೆ ಅರ್ಧ ಜನ ಹೊಸಿಲಲ್ಲಿ, ಅರ್ಧ ಜನ ನೀರಿನಲ್ಲಿ. ಮುನಿಗಂಗಪ್ಪನ ಕೈ ತಾನೇ ತಾನಾಗಿ ಆ ಹೆಚ್ಚಿನ ಪೆಟ್ಟು ಹಾಕಿಬಿಡುತ್ತಿತ್ತು, ಬೆರಳನ್ನೇ ಬೈದುಕೊಂಡರು. ಎಡವದೆ ಹಾಡಿದವಳು ಅಮ್ಮ ಒಬ್ಬಳೇ. ಕಣ್ಣು ಮುಚ್ಚಿ, ಹೂವಿನ ಸಾಲನ್ನು ತಡೆದು ತಡೆದು ಹಾಡಿದಳು. ಶಿವಪುತ್ರ ನಮ್ಮನ್ನೆಲ್ಲ ಬಿಟ್ಟು ಅವಳ ಹಿಂದೆ ಹೋದ. ಕೊನೆಗೆ ನಾವೂ ಅವಳ ಹಿಂದೆ ಹೋದೆವು. ಆಗ ಕೂಡಿತು.

ಮುಗಿದ ಮೇಲೆ ಎಲ್ಲರೂ ಕೆರೆಯ ಗೇಟಿಗೆ ಹೋದೆವು. ಅಮ್ಮ ಎಂದಿನಂತೆ ಕಲ್ಲಿನ ಮೇಲೆ ದೀಪ ಇಟ್ಟಳು. ನನ್ನ ಹೆಂಡತಿ ಸರಳಾ ತನ್ನ ಮುಡಿಯ ಹೂವಿಗೆ ಕೈ ಹಾಕಿದಳು. ಅಮ್ಮ ಆ ಕೈಗೆ ಪಟ್ಟನೆ ಹೊಡೆದಳು.

“ನಿಂದ್ಯಾಕೆ ತೆಗೀತೀಯೇ? ನಂದು ಐತೆ.”

ಸೀರೆಯ ಸೆರಗಿನಿಂದ ಒಂದು ಮೊಳ ಕನಕಾಂಬರ ತೆಗೆದಳು. ಗುಡಿಯ ಹತ್ತಿರ ಯಾವಾಗ ತಗೊಂಡಳೋ ಯಾರೂ ನೋಡಿರಲಿಲ್ಲ. ಅದನ್ನು ಒಂದು ಸಲ ತಲೆಯ ಹಿಂದಕ್ಕೆ ಒಯ್ದು, ಮುಟ್ಟಿಸಿ, ಬೇಲಿಯ ಸಂದಿಯಿಂದ ಕೈ ಚಾಚಿ ಒಳಗೆ ಬಿಟ್ಟಳು. ನೀರಿನವರೆಗೆ ಹೋಗಲಿಲ್ಲ, ಹುಲ್ಲಿನ ಮೇಲೆ ಬಿತ್ತು. ಅಷ್ಟು ಸಾಕು ಎನ್ನುವ ಹಾಗೆ ಕೈ ಕೊಡವಿಕೊಂಡಳು.

ನಾವು ತಿರುಗಿ ಬರುವಾಗ ಶಿವಪುತ್ರ ನನ್ನ ಪಕ್ಕಕ್ಕೆ ಬಂದ.

“ಅಣ್ಣಾರ, ಒಂದು ಮಾತು. ಬಯ್ಯಂಗಿಲ್ಲ ಅಂದ್ರ ಹೇಳ್ತೀನಿ.”

“ಹೇಳಿ.”

“ಮೂರನೇ ನುಡಿಯಾಗ ನಿಮ್ದು ಬರಾಬರಿ ಐತ್ರಿ. ಆ ಹುಡುಗರ್ದ ಅಲ್ಲಿ ಎಡವ್ತೈತಿ. ಗೊತ್ತಾಗಬಾರ್ದು ಅಂತ ಗಿಟಾರ್ ಬಾರಿಸಿ ಮುಚ್ಯಾರ.”

ನಾನು ರಸ್ತೆಯಲ್ಲೇ ನಿಂತೆ. ಹಕ್ಕಿಯ ಸಾಲು! ಅವರು ಜಿಪುಣರಲ್ಲ. ಮಾಗಡಿಯ ಅಜ್ಜಿಯ ಮಿಷಿನ್ನೂ ಒಂದಿನ ಟೇಪು ನುಂಗಿರಬೇಕು. ಅಲ್ಲೂ ಒಬ್ಬ ಸೊಣ್ಣಪ್ಪ ಮಾವ ಕೂತು ಕತ್ತರಿಸಿ ಅಂಟಿಸಿರಬೇಕು.

“ಮೋನಿಷಾ, ಆ ಹುಡುಗರಿಗೆ ಬರಿ. ಅವರ ಹತ್ರ ಇಲ್ಲದ ಒಂದು ಮೊಳ ನಮ್ಮ ಹತ್ರ ಐತೆ ಅಂತ ಬರಿ.”

“ಬರೀತೀನಿ ಅಪ್ಪಾ. ಇನ್ನೇನಾದ್ರೂ?”

ಹಿಂದೆ ತಿರುಗಿ ನೋಡಿದೆ. ಕಲ್ಲಿನ ಮೇಲೆ ದೀಪ ಇನ್ನೂ ಉರಿಯುತ್ತಿತ್ತು. ಬೇಲಿಯ ಆಚೆ ಮರಗಳಲ್ಲಿ ಹಕ್ಕಿಗಳು ಜಾಗಕ್ಕಾಗಿ ಕಿತ್ತಾಡುತ್ತಿದ್ದವು.

“ಅವರ ಅಜ್ಜಿ ಕಾಳು ತಂದ್ರೆ ನೇರ ಮನೆಗೇ ಹೋಗ್ತಾರಾ, ಹಕ್ಕಿಗೆ ಒಂದಿಷ್ಟು ಹಾಕ್ತಾರಾ, ಅದನ್ನೂ ಕೇಳು” ಎಂದೆ.