ಆರನೇ ನಂಬರಿಗೆ ಒಂದು ಮಸಾಲೆ

ಠಾಣೆ ನಗರದ ಚರಿತ್ರೆಯಲ್ಲಿ ದಾಖಲಾಗಲೇಬೇಕಿದ್ದ, ಯಾರೂ ದಾಖಲಿಸದೆ ಬಿಟ್ಟ ಗಂಭೀರ ಸಂಗತಿಯೊಂದಿದೆ. ೨೦೧೪ರ ಡಿಸೆಂಬರಿನಲ್ಲಿ ಪ್ರೇಕ್ಷಾ ಎಂಬ ಹದಿನಾರರ ಹುಡುಗಿ, ಬೇಲಿ ಹಾರುವ ಕುದುರೆ ಸವಾರಿ ಸ್ಪರ್ಧೆಯ ನಡುವೆ ಕುದುರೆಯ ಮೇಲೆ ಕೂತು, ಮುಂದೆ ಯಾವ ಬೇಲಿ ಹಾರಬೇಕೆಂಬುದನ್ನು ಎರಡನೆಯ ಸಲ ಮರೆತಳು. ಕುದುರೆ ಸುಲ್ತಾನನದು ತಪ್ಪಿರಲಿಲ್ಲ. ತಿರುಗಿಸಿದತ್ತ ಹಾರುವ ಸಜ್ಜನ ಪ್ರಾಣಿ ಅದು.

ಕಾರ್ಖಾನೆಗಳ ಬಡಾವಣೆ ವಾಗ್ಳೆ ಎಸ್ಟೇಟಿನಲ್ಲಿ ಹೋಟೆಲ್ ನಡೆಸುವ ಅವಳಪ್ಪ ಜಯಶೀಲ ಶೆಟ್ಟರು ಮಗಳನ್ನು ವಾಶಿಯ ಮೆಂಟಲ್ ಕೋಚ್ ರಮಿತಾ ಬಳಿಗೆ ಕರೆದೊಯ್ದರು. ಬೋರ್ಡಿನಲ್ಲಿ ‘ಮೆಂಟಲ್’ ಎಂದಿದ್ದುದರಿಂದ ಕಾರನ್ನು ಎರಡು ಗಲ್ಲಿ ಆಚೆಗೇ ನಿಲ್ಲಿಸಿದರು. ಮರೆವಿಗೆ ಪ್ರೆಶರೇ ಕಾರಣವೆಂದ ರಮಿತಾ ಕಣ್ಣು ಮುಚ್ಚಿಸಿ, ಹತ್ತು ಬೇಲಿಗಳನ್ನೂ ಮನಸ್ಸಿನಲ್ಲೇ ಹಾರಿಸಲು ನೋಡಿದಳು. ಏಳನೆಯದರ ಹೊತ್ತಿಗೆ ಪ್ರೇಕ್ಷಾಳಿಗೆ ನಿದ್ದೆ ಹತ್ತಿತ್ತು.

ಮುಂದಿನ ಭಾನುವಾರ ಖಾರ್ಘರಿನ ಆಯ್ಕೆ ಸ್ಪರ್ಧೆಯನ್ನು ದಾರಿ ತಪ್ಪದೆ, ಬೇಲಿಯ ಕೋಲು ಬೀಳಿಸದೆ ಮುಗಿಸಿದರೆ ಪುಣೆಗೆ ಹೋಗುವ ತಂಡದಲ್ಲಿ ಜಾಗ. ಇಲ್ಲವಾದರೆ ಆ ವರ್ಷಕ್ಕೆ ಅಷ್ಟೇ.

“ಪ್ರೆಶರ್ ಅಂತೆ ಪ್ರೆಶರ್,” ಎಂದರು ಶೆಟ್ಟರು. “ಮಧ್ಯಾಹ್ನ ಒಂದಕ್ಕೆ ಹನ್ನೆರಡು ಟೇಬಲ್ ಒಟ್ಟಿಗೆ ತುಂಬ್ತದೆ. ನಾನು ವೇಟರ್ ಆಗಿದ್ದಾಗ ಆರ್ಡರಿಗೆ ಒಂದೂ ಚೀಟಿ ಬರೆದವನಲ್ಲ, ಗೊತ್ತುಂಟಾ?”

“ಪಪ್ಪಾ, ವೋ ಹೋಟೆಲ್ ಹೈ. ಯೇ ಘೋಡಾ ಹೈ.”

“ಗಿರಾಕಿಗಿಂತ ಕುದುರೆ ಎಷ್ಟೋ ಪಾಪ, ಮಾರಾಯ್ತಿ.”

ಪಾಠ ಅಂದೇ ಶುರುವಾಯಿತು. ಬೇಲಿ ಎಂದರೆ ಟೇಬಲ್. ಸಪೂರದ ಬೇಲಿ ಸಾದಾ ದೋಸೆ, ಅಗಲದ್ದು ಮಸಾಲೆ, ಬೆನ್ನಿಗೆ ಬೆನ್ನು ಹಚ್ಚಿ ಎರಡಿದ್ದರೆ ಇಡ್ಲಿ-ವಡೆ. ಶೆಟ್ಟರು ದಿನಕ್ಕೊಂದು ಹೊಸ ಆರ್ಡರ್ ಕೊಟ್ಟರು. ಗುರುವಾರದ ಹೊತ್ತಿಗೆ ಹುಡುಗಿ ಹಲ್ಲುಜ್ಜುತ್ತಲೇ ಹತ್ತು ಟೇಬಲನ್ನೂ ಒಪ್ಪಿಸತೊಡಗಿದಳು.

ಭಾನುವಾರ ಸವಾರರು ಮೊದಲು ಮೈದಾನದಲ್ಲಿ ನಡೆದು ದಾರಿ ನೋಡಿಕೊಂಡರು. ಪ್ರೇಕ್ಷಾ ಬಂದು ಒಂದೇ ಉಸಿರಿಗೆ ಅಪ್ಪನೆದುರು ಆರ್ಡರ್ ಒಪ್ಪಿಸಿದಳು. ಒಂದೂ ತಪ್ಪಿರಲಿಲ್ಲ.

“ಅಂಕಲ್, ಗಂಟೆ ಹೊಡೆದ ಮೇಲೆ ಹೊರಗಿಂದ ಯಾರೂ ದಾರಿ ಹೇಳಿಕೊಡೋ ಹಾಗಿಲ್ಲ,” ಎಂದಳು ಜೊತೆಗೆ ಬಂದಿದ್ದ ರಮಿತಾ. “ಹೇಳಿದ್ರೆ ಅವಳು ಔಟ್. ಬಾಯಿ ಬಿಡ್ಬೇಡಿ.”

“ನನ್ನ ಬಾಯಿ ನಾನು ನೋಡ್ಕೊಳ್ತೇನೆ.”

ಗಂಟೆ ಹೊಡೆಯಿತು. ಐದು ಬೇಲಿ ಸಲೀಸಾಗಿ ದಾಟಿದ್ದಾಯಿತು. ಆರನೆಯದಕ್ಕೆ ಮೊದಲು ಪ್ರೇಕ್ಷಾ ಕುದುರೆಯನ್ನು ನಿಧಾನಿಸಿ ಮೂಲೆಯತ್ತ ತಿರುಗಿಸಿದಳು. ಶೆಟ್ಟರ ಕಣ್ಣಿಗೆ ಕುದುರೆ ಕಾಣಲಿಲ್ಲ. ತೋಳಿನ ಮೇಲೆ ನಾಲ್ಕು ಪ್ಲೇಟು ಹೊತ್ತು, ಮಧ್ಯಾಹ್ನ ಒಂದರ ರಶ್ಶಿನ ನಡುವೆ ದಿಕ್ಕು ತೋಚದೆ ನಿಂತ ಹೊಸ ವೇಟರ್ ಕಂಡ.

“ಛೇ ನಂಬರ್ ಏಕ್ ಮಸಾಲಾ!” ಎಂದು ಆರನೇ ಟೇಬಲಿನ ಆರ್ಡರನ್ನು ಹಿಂದಿಯಲ್ಲಿ ಕೂಗಿಬಿಟ್ಟರು.

ಅಡುಗೆಮನೆಯ ಒಲೆ, ಎಕ್ಸಾಸ್ಟ್ ಫ್ಯಾನು, ಗ್ರೈಂಡರು ಮೂರನ್ನೂ ಮೀರಿಸಿ ಪಳಗಿದ ಗಂಟಲದು. ರಸ್ತೆಯಲ್ಲಿ ಆಟೋ ಒಂದು ಬ್ರೇಕು ಹಾಕಿತು. ಪ್ರೇಕ್ಷಾ ಆರನೆಯದನ್ನು ಹಾರಿದಳು, ಉಳಿದ ನಾಲ್ಕನ್ನೂ ಹಾರಿದಳು. ಒಂದು ಕೋಲೂ ಅಲುಗಲಿಲ್ಲ.

ಬಿಳಿ ಮೀಸೆಯ ತೀರ್ಪುಗಾರರು ನಡೆದು ಬಂದರು. “ಛೇ ನಂಬರ್ ಕೌನ್ ಬೋಲಾ?”

“ದೋಸೆ ಆರ್ಡರ್ ಮಾಡಿದ್ದು, ಸಾಬ್,” ಎಂದರು ಶೆಟ್ಟರು ಹಿಂದಿಯಲ್ಲಿ.

“ಯಹಾಂ ಸಿರ್ಫ್ ವಡಾಪಾವ್ ಮಿಲ್ತಾ ಹೈ.”

ಶೆಟ್ಟರು ವಡಾಪಾವಿನ ಗಾಡಿಯ ಕಡೆ ನೋಡಿದರು. ಅದೂ ಮುಚ್ಚಿತ್ತು.

ಪ್ರೇಕ್ಷಾ ಕುದುರೆಯಿಂದ ಇಳಿದಳು. “ಪಪ್ಪಾ, ಮುಝೆ ಯಾದ್ ಥಾ. ಟರ್ನ್ ಲೇ ರಹೀ ಥೀ.” ಮರೆತದ್ದಲ್ಲವಂತೆ, ತಿರುವಿಗಾಗಿ ನಿಧಾನಿಸಿದ್ದಂತೆ.

“ಅವಳು ಸರಿಯಾಗಿದ್ದಾಳೆ, ಅಂಕಲ್,” ಎಂದಳು ರಮಿತಾ. “ನೀವು ಸೋಮವಾರ ಬನ್ನಿ.”

ಹೊರಗಿನ ಸಹಾಯ ಪಡೆದ ಕಾರಣಕ್ಕೆ ಪ್ರೇಕ್ಷಾಳನ್ನು ಸ್ಪರ್ಧೆಯಿಂದ ಕೈಬಿಡಲಾಯಿತು. ಪುಣೆಗೆ ಕಲ್ಯಾಣ್ ಊರಿನ ಹುಡುಗಿಯೊಬ್ಬಳು ಹೋದಳು.