ಅಜ್ಜಿಮರದ ಸುತ್ತ ಬಿಳಿ ಗೆರೆ

ಅಂಕಿ ನಿಲ್ಲುತ್ತಿಲ್ಲ, ಒಂಬತ್ತು ಅನ್ನುತ್ತದೆ, ಎಂಟೂ ಮುಕ್ಕಾಲು ಅನ್ನುತ್ತದೆ, ಮತ್ತೆ ಒಂಬತ್ತಕ್ಕೇ ಹೋಗಿ ಕೂರುತ್ತದೆ, ಮೀಟರಿನ ಕಡ್ಡಿಯನ್ನು ತೊಳೆದು ಒರೆಸಿ ಇನ್ನೊಮ್ಮೆ ಅದ್ದಬೇಕು, ತೊಳೆಯುತ್ತೇನೆ, ಒರೆಸುತ್ತೇನೆ, ಅದ್ದುತ್ತೇನೆ — ಒಂಬತ್ತು. ಕಿಟಕಿಯಾಚೆ ಯಾರದೋ ಸ್ಕೂಟರ್ ಸ್ಟಾರ್ಟ್ ಆಗದೆ ಕೆಮ್ಮುತ್ತಿದೆ, ಗಾಜಿನ ಲೋಟದ ತಳದಲ್ಲಿ ಮಣ್ಣು ಕೂತಿದೆ, ಮೇಲಿನ ನೀರು ಏನೂ ಗೊತ್ತಿಲ್ಲದ ಹಾಗೆ ತಿಳಿಯಾಗಿ ನಿಂತಿದೆ, ಒಂದರೊಳಗೆ ಬಂದರೆ ಒಳ್ಳೆಯ ಮಣ್ಣು, ನಾಲ್ಕು ದಾಟಿದರೆ ಗಿಡ ನೀರಿದ್ದೂ ಬಾಯಾರಿ ಬಾಡುತ್ತದೆ, ಒಂಬತ್ತಾದರೆ ವರದಿಯಲ್ಲಿ ಬರೆಯುವುದು ಒಂದೇ ಸಾಲು, ಉಪ್ಪಿನಂಶ ವಿಪರೀತ, ಹದಿನಾಲ್ಕು ವರ್ಷದಿಂದ ಈ ಮಣ್ಣು ಪರೀಕ್ಷೆಯ ಕೋಣೆಯಲ್ಲಿ ಆ ಸಾಲನ್ನು ಎಷ್ಟು ಸಲ ಬರೆದಿದ್ದೇನೋ, ಕೈ ತಾನಾಗಿ ಬರೆಯುತ್ತದೆ, ಈ ಹೊತ್ತು ಮಾತ್ರ ಪೆನ್ನು ಕಾಗದದ ಮೇಲೆ ನಿಂತುಬಿಟ್ಟು ಒಂದು ಚುಕ್ಕೆ ದೊಡ್ಡದಾಗುತ್ತಿದೆ. ಮೂರು ಬಟ್ಟೆ ಚೀಲ, ಮೂರು ಕಡೆಯ ಮಣ್ಣು, ಮೂರೂ ನಮ್ಮ ಅಂಗಳದ ಅಜ್ಜಿಯ ಬುಡದ್ದು — ಅಜ್ಜಿ ಅಂದರೆ ಮರ, ಯಾವ ಮರವೆಂದು ನಮಗೆ ಯಾರಿಗೂ ಗೊತ್ತಿಲ್ಲ, ಪುಸ್ತಕ ತೆಗೆದು ಹುಡುಕಲೂ ಅತ್ತಿಗೆ ಬಿಡಲಿಲ್ಲ, ಅಜ್ಜಿ ಹತ್ರ ಹೋಗಿ ಯಾರಾದ್ರೂ ಗುರುತಿನ ಚೀಟಿ ಕೇಳ್ತಾರೇನೇ ಅಂದರು. ಈಗ ಅಜ್ಜಿಯ ಮೈಮೇಲೆ ಒಂದೂ ಎಲೆಯಿಲ್ಲ, ಏನಾಗಿದೆ ನೋಡ್ಕೊಂಡು ಬಾ ಅಂತ ಅತ್ತಿಗೆಯೇ ಮರದ ಚಮಚದಲ್ಲಿ ಮಣ್ಣು ತೋಡಿ ಕೊಟ್ಟರು, ಕಬ್ಬಿಣ ತಾಗಿಸಬಾರದಂತೆ, ನೋವಾಗುತ್ತದಂತೆ. ಮೊದಲ ಚೀಲ ಗೋಡೆ ಪಕ್ಕದ್ದು, ಚೆನ್ನಾಗಿದೆ, ಎರಡನೆಯದು ಅಣ್ಣನ ಬೂದಿ ಹೂತ ಕಡೆಯದು, ಅದೂ ಚೆನ್ನಾಗಿದೆ, ಅಣ್ಣ ಬದುಕಿದ್ದಾಗಲೂ ಯಾರಿಗೂ ತೊಂದರೆ ಕೊಟ್ಟವನಲ್ಲ. ಮೂರನೆಯದು ನಾವು ವೃತ್ತ ಬರೆಯುವ ಜಾಗದ್ದು.

ಅಣ್ಣ ಹೋಗಿ ಎರಡು ವರ್ಷ ತುಂಬುತ್ತಾ ಬಂತು, ನಾನು ಇನ್ನೂ ಅತ್ತಿಲ್ಲ, ಅಳು ಬರುತ್ತದೆ ಬರುತ್ತದೆ ಎಂದು ಕಾದು ಕಾದು ಅದನ್ನೂ ಮರೆತೆ, ಚಹಾ ಬಿಸಿ ಇದೆಯೆಂದು ಹಬೆ ನೋಡಿ ತಿಳಿಯಬೇಕು, ನಾಲಗೆ ಹೇಳುವುದಿಲ್ಲ, ನನಗೆ ಏನೂ ಅನ್ನಿಸುತ್ತಿಲ್ಲ ಎನ್ನುವುದು ಮಾತ್ರ ಚೆನ್ನಾಗಿ ಅನ್ನಿಸುತ್ತದೆ. ಅತ್ತಿಗೆ ಅತ್ತರು, ಅತ್ತು ಮುಗಿಸಿ ಎದ್ದು ನಾನು ಮಾಟಗಾತಿ ಆಗ್ತೀನಿ ಅಂದರು — ಆಗುವುದೇನು ಬಂತು, ಅಣ್ಣ ಇದ್ದಾಗಲೇ ಶುರುವಾಗಿತ್ತು, ಮಾಟಗಾತಿ ಅಂದ್ರೆ ಹೆದರ್ಕೋಬೇಡ ಕಣೇ, ಮಣ್ಣು ನೀರು ಗಾಳಿಗೆ ಋಣ ಹೇಳೋ ಹೆಂಗಸು ಅಷ್ಟೆ, ಯಾರಿಗೂ ಕೆಟ್ಟದ್ದು ಬಯಸಬಾರದು, ಭೂಮಿಯಿಂದ ತಗೊಂಡಿದ್ದನ್ನ ಭೂಮಿಗೇ ವಾಪಸ್ ಕೊಡಬೇಕು, ಇಷ್ಟೇ ನಮ್ಮ ಶಾಸ್ತ್ರ ಅನ್ನುವರು. ಅಣ್ಣ ಪೇಪರಿನ ಹಿಂದಿನಿಂದ, ನನ್ನ ಹೆಂಡತಿ ಪೊರಕೆ ಮೇಲೆ ಕೂತು ಹಾರಲ್ಲ ಮಾರಾಯ್ತಿ, ಪೊರಕೆ ತಗೊಂಡು ಬಾರಿಸ್ತಾಳೆ ಅನ್ನುವನು, ಅಂದು ತಾನೇ ನಗುವನು, ಪೇಪರ್ ಅಲುಗುತ್ತಿತ್ತು. ಮನೆಯಿಂದ ಪ್ಲಾಸ್ಟಿಕ್ ಒಂದೊಂದಾಗಿ ಗಂಟುಮೂಟೆ ಕಟ್ಟಿತು, ಮೊದಲು ಡಬ್ಬಗಳು, ಆಮೇಲೆ ಬಕೆಟ್ಟು, ಆಮೇಲೆ ನನ್ನ ಹಲ್ಲುಜ್ಜುವ ಬ್ರಷ್ಷು, ಇದ್ದಿಲ ಪುಡಿಯಲ್ಲಿ ಹಲ್ಲುಜ್ಜಿ ಕನ್ನಡಿಯಲ್ಲಿ ಕಪ್ಪು ಬಾಯಿ ನೋಡಿಕೊಂಡು ಕೆಲಸಕ್ಕೆ ಹೊರಡುವವಳು ನಾನು, ಸ್ನಾನದ ನೀರು ಕುಂಡಗಳಿಗೆ, ತರಕಾರಿ ಸಿಪ್ಪೆ ಗೊಬ್ಬರದ ಡ್ರಮ್ಮಿಗೆ, ಡ್ರಮ್ಮಿನ ಮುಚ್ಚಳ ತೆಗೆದು ಅತ್ತಿಗೆ ಊಟ ಆಯ್ತಾ ಅಂತ ಕೇಳುವರು, ಎರೆಹುಳಗಳನ್ನು. ಅಣ್ಣನ ಅಂಗಿಗಳನ್ನೂ ಎಸೆಯಲಿಲ್ಲ, ಮೇಲಿನ ಮನೆಯ ದರ್ಜಿಯಮ್ಮ ಅವನ್ನೆಲ್ಲ ಚೀಲ ಹೊಲಿದು ಕೊಟ್ಟರು, ನೀಲಿ ಚೌಕಳಿಯದರಲ್ಲಿ ಜೇಬು ಹಾಗೇ ಉಳಿದಿದೆ, ಜೇಬಿನ ಅಂಚಿನಲ್ಲಿ ಇಂಕಿನ ಕಲೆ. ಆ ಚೀಲದಲ್ಲಿ ನಾವು ಉಪ್ಪು ಒಯ್ಯುತ್ತೇವೆ.

ಮೊದಲಿಗೆ ಉಪ್ಪು ಇರಲಿಲ್ಲ, ಮರ ಕಡಿದು ಕಾರು ನಿಲ್ಲಿಸುವ ಜಾಗ ಮಾಡುತ್ತೇವೆಂದು ಕಟ್ಟಡದ ಸಮಿತಿಯವರು ಅಜ್ಜಿಯ ಮೈಗೆ ಮೊಳೆ ಹೊಡೆದು ನೋಟಿಸು ಹಾಕಿದ ದಿನದಿಂದ ಬಂತು, ಅಣ್ಣನ ಬೂದಿ ಅಲ್ಲಿ ಹೂತು ಇನ್ನೂ ತಿಂಗಳಾಗಿರಲಿಲ್ಲ, ಅತ್ತಿಗೆ ಆ ಮೊಳೆಯನ್ನು ಕೈಯಲ್ಲೇ ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತರು, ಉಗುರು ಒಡೆದು ರಕ್ತ ಬಂತು, ಅವರನ್ನ ಎರಡನೇ ಸಲ ಕಳಿಸೋಕೆ ನನ್ನಿಂದಾಗಲ್ಲ ಅಂದರು. ರಕ್ಷಣೆಗೆ ವೃತ್ತ ಬರೆಯಬೇಕು, ಕೆಟ್ಟದ್ದು ಗೆರೆ ದಾಟಿ ಒಳಗೆ ಬರುವುದಿಲ್ಲ, ಎಲ್ಲ ದೇಶದ ಮಾಟಗಾತಿಯರೂ ಉಪ್ಪಿನಲ್ಲೇ ಬರೆಯುವುದಂತೆ, ದರ್ಜಿಯಮ್ಮ ತನ್ನ ಸೀಮೆಸುಣ್ಣ ಕೊಡಲು ಬಂದರೆ ಅಯ್ಯೋ ಬೇಡ ಅದು ಕಾರ್ಖಾನೆದು, ಉಪ್ಪು ಸಮುದ್ರದ್ದು, ಶುದ್ಧ ಪ್ರಕೃತಿ ಅಂದರು, ಪುಡಿಯುಪ್ಪೂ ಆಗದು, ಕಲ್ಲುಪ್ಪೇ ಆಗಬೇಕು. ನಾನು ಚೀಲ ಹಿಡಿದೆ. ಬುಡದಿಂದ ಒಂದು ಹೆಜ್ಜೆ ದೂರದಲ್ಲಿ, ಬೇರುಗಳ ಮೇಲೆ, ಸುತ್ತಲೂ, ದಪ್ಪ ಬಿಳಿ ಗೆರೆ. ಸಮಿತಿಯವರು ನೋಟಿಸು ಹಿಂತೆಗೆದುಕೊಂಡರು, ನಾವು ಐದು ಅರ್ಜಿ ಬರೆದದ್ದಕ್ಕೋ ಗೆರೆಗೋ, ಅತ್ತಿಗೆ ಗೆರೆಗೇ ಅಂದರು, ಅವತ್ತಿನಿಂದ ಅಮಾವಾಸ್ಯೆಗೊಂದು ಸಲ ಹೊಸ ಗೆರೆ, ಹಳೆಯದನ್ನು ನೀರು ಹಾಕಿ ಭೂಮಿಗೆ ಒಪ್ಪಿಸಿಬಿಡುವುದು, ಇಪ್ಪತ್ತೆರಡು ಅಮಾವಾಸ್ಯೆ, ಇಪ್ಪತ್ತೆರಡು ಚೀಲ. ಎಲೆಯ ಅಂಚು ಸುಟ್ಟ ಹಾಗೆ ಕಂದಾದಾಗ ಯಾರದೋ ಕಣ್ಣು ಬಿದ್ದಿದೆ ಅಂತ ಎರಡು ಸುತ್ತು ಹಾಕಿದೆವು. ಕಂದು ಅಂಚು, ಆಮೇಲೆ ಮುರುಟುವುದು, ಆಮೇಲೆ ತುದಿಯಿಂದ ಒಣಗುವುದು — ಫೋನಿನಲ್ಲಿ ರೈತರು ಹೀಗೆ ಹೀಗೆ ಅಂದರೆ ಮಾತು ಮುಗಿಯುವ ಮುಂಚೆ ಉಪ್ಪು ಕಣ್ರೀ ಅನ್ನುತ್ತೇನೆ, ಅದು ನಾನೇ, ಚೀಲ ಹಿಡಿದವಳೂ ನಾನೇ. ಗೊತ್ತಿತ್ತಾ ನಿನಗೆ? ಗೊತ್ತಿರಲಿಲ್ಲ. ಗೊತ್ತಿತ್ತು. ಬಿಳಿ ಕೋಟನ್ನು ಗೂಟಕ್ಕೆ ಸಿಕ್ಕಿಸುವಾಗ ಗೊತ್ತಿರುವುದನ್ನೂ ಅಲ್ಲೇ ಸಿಕ್ಕಿಸಿ ಮನೆಗೆ ಹೋಗುತ್ತೇನೆ, ತಿಂಗಳಿಗೊಂದು ಸಂಜೆ ಅತ್ತಿಗೆ ತಲೆ ಬಾಚಿ, ಒಳ್ಳೆಯ ಸೀರೆ ಉಟ್ಟು, ಗುನುಗುತ್ತಾ ಅಂಗಳಕ್ಕೆ ಬರುತ್ತಿದ್ದರು, ಆ ಒಂದು ಸಂಜೆ ಮನೆಯಲ್ಲಿ ಇಬ್ಬರು ಮನುಷ್ಯರಿದ್ದಾರೆ ಅನ್ನಿಸುತ್ತಿತ್ತು, ಅದರ ನಡುವೆ ಬಾಯಿ ಹಾಕುವುದು ನನ್ನಿಂದಾಗಲಿಲ್ಲ. ನನ್ನ ಕುರ್ಚಿಯ ಹಿಂದೆ ಯಾರೋ ನಿಂತಂತಾಯಿತು, ನಮ್ಮ ಮುಖ್ಯಸ್ಥರು, ಕನ್ನಡಕ ಹಣೆಗೇರಿಸಿ ಮೀಟರು ನೋಡುತ್ತಿದ್ದಾರೆ, ಯಾವ ಹೊಲದ್ದು ಇದು, ಹೊಲ ಅಲ್ಲ ಸಾರ್, ಮನೆ ಅಂಗಳ, ಒಂದು ಮರ ಒಣಗಿದೆ, ಸಮುದ್ರದ ಪಕ್ಕದ್ದಾ, ಅಲ್ಲ ಸಾರ್. ಹಾಗಾದ್ರೆ ಬೇಕಂತಲೇ ಯಾರೋ ಸುರಿದಿದ್ದಾರೆ ನೋಡಿ, ಆಗದವರ ಕೆಲಸ ಇದು, ಮರ ಕೊಲ್ಲೋಕೆ ಇದಕ್ಕಿಂತ ಸುಲಭದ ದಾರಿ ಇಲ್ಲ, ಮನೆಯವರಿಗೆ ಹೇಳಿ ಹುಷಾರಾಗಿರೋಕೆ. ಹೇಳುತ್ತೇನೆ ಸಾರ್ ಅಂದೆ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಬ್ಯಾಗಿನೊಳಗೆ ವರದಿ ನಾಲ್ಕು ಮಡಿಕೆಯಾಗಿದೆ, ಮುಂದಿನ ಸೀಟಿನ ಹೆಂಗಸು ನಿದ್ದೆ ತೂಗುತ್ತಾ ಗಾಜಿಗೆ ಹಣೆ ಬಡಿಸಿಕೊಳ್ಳುತ್ತಿದ್ದಾಳೆ, ಬಡಿಸಿಕೊಂಡು ಏಳುವುದಿಲ್ಲ, ನಾನೂ ಹಾಗೇ. ಏನು ಹೇಳಲಿ, ಉಪ್ಪು ಎಂದು ಹೇಳಿದರೆ ಕೊಂದದ್ದು ನೀವು ಎಂದು ಹೇಳಿದ ಹಾಗೆ, ನೀವೇ ನಿಮ್ಮ ಕೈಯಾರೆ, ತಿಂಗಳು ತಿಂಗಳೂ, ಗುನುಗುತ್ತಾ, ಒಂದು ಇರುವೆ ಸಾಲು ಅಡ್ಡ ಬಂದರೆ ಸುತ್ತು ಹಾಕಿ ಹೋಗುವ ಹೆಂಗಸಿಗೆ ಇದನ್ನು ಹೇಗೆ ಹೇಳುವುದು, ಹೇಳಿದ ಮೇಲೆ ಆ ಕೈಗಳನ್ನು ಅವರು ಎಲ್ಲಿ ಇಟ್ಟುಕೊಳ್ಳಬೇಕು. ಬೂಷ್ಟು ಅನ್ನಬಹುದು. ಬೇರಿಗೆ ಬೂಷ್ಟು ಹಿಡಿದು ಕೊಳೆತಿದೆ, ವಯಸ್ಸಾದ ಮರಗಳಿಗೆ ಬರುತ್ತದೆ, ಯಾರ ತಪ್ಪೂ ಅಲ್ಲ — ಬೂಷ್ಟಿಗೆ ಹೆಸರಿಲ್ಲ ಮುಖವಿಲ್ಲ, ಬೈದರೂ ಬೇಜಾರಾಗದು, ಸತ್ತ ಮರಕ್ಕೆ ನಿಜ ಕಟ್ಟಿಕೊಂಡು ಏನಾಗಬೇಕು, ಬೂಷ್ಟು, ಬೂಷ್ಟು, ನಿಲ್ದಾಣ ಬರುವ ತನಕ ಬಾಯಿಪಾಠ ಮಾಡಿದೆ. ಗೇಟು ತೆಗೆದರೆ ಅತ್ತಿಗೆ ಅಜ್ಜಿಯ ಕೆಳಗಿನ ಕಲ್ಲುಬೆಂಚಿನಲ್ಲಿ ಕೂತಿದ್ದಾರೆ, ಒಳ್ಳೆಯ ಸೀರೆ, ತಲೆ ಬಾಚಿದೆ, ಓ ಇವತ್ತು ಅಮಾವಾಸ್ಯೆ, ಕೊಂಬೆಗಳ ನೆರಳು ಅವರ ಮಡಿಲಲ್ಲಿ ಗೀರು ಗೀರಾಗಿ ಬಿದ್ದಿದೆ, ಏನು ಬಂತು ಅಂತ ಕೇಳಲಿಲ್ಲ, ಕೇಳಿದ್ದು ಬೇರೆ. ಅವರ ಬೂದಿಯಿಂದ ಅಲ್ಲ ತಾನೆ. ಏನು ಅತ್ತಿಗೆ? ಅವರನ್ನ ಅಲ್ಲಿ ಇಟ್ಟಿದ್ದಕ್ಕೆ ಮರ ಸತ್ತಿದ್ದಲ್ಲ ತಾನೆ, ಮೂರು ತಿಂಗಳಿಂದ ಇದೇ ಕೊರೀತಿದೆ ಕಣೇ, ನಿನಗೆ ಹೇಳೋಕೂ ಭಯ, ಬೂದಿ ಬೇರನ್ನ ಸುಡುತ್ತೆ ಅಂತ ಎಲ್ಲೋ ಓದಿದ್ದೆ. ಇಲ್ಲ ಇಲ್ಲ ಅತ್ತಿಗೆ, ಆ ಕಡೆ ಮಣ್ಣು ಚೆನ್ನಾಗಿದೆ, ಇದು ನಿಜ, ಇಷ್ಟು ನಿಜ ಹೇಳಲು ಸುಲಭವಾಗಿತ್ತು, ಮತ್ತೆ ಯಾವುದರಿಂದ ಅಂದರು, ಬೂಷ್ಟು ಅಂದೆ. ಬೇರು ಕೊಳೆತಿದೆ ಅತ್ತಿಗೆ, ಬೂಷ್ಟು ರೋಗ, ಯಾರದ್ದೂ ತಪ್ಪಲ್ಲ. ಅವರು ಕಣ್ಣು ಮುಚ್ಚಿದರು, ಉಸಿರು ಬಿಟ್ಟರು, ನನ್ನ ಕೈ ಹಿಡಿದು ಅಂಗೈಗೆ ಮುತ್ತು ಕೊಟ್ಟರು, ನನಗೆ ಏನೂ ಅನ್ನಿಸಲಿಲ್ಲ. ಹಾಗಾದ್ರೆ ಒಳಗೆ ಬಾ, ನಿನಗೊಂದು ತೋರಿಸ್ತೀನಿ ಅಂದರು.

ಅಡುಗೆಮನೆಯ ಕಿಟಕಿಯಲ್ಲಿ, ಗಾಜಿನ ಜಾಡಿಗಳ ಹಿಂದೆ ಒಂದು ಹಿಡಿಯಷ್ಟು ಮಣ್ಣಿನ ಕುಂಡ, ಅದರಲ್ಲಿ ಒಂದು ಗಿಡ, ಗಿಡ ಎನ್ನುವುದೂ ಹೆಚ್ಚಾಯಿತು, ಒಂದು ದಂಟು, ಎರಡು ಎಲೆ. ಅಜ್ಜಿದೇ ಬೀಜ ಕಣೇ, ಹೋದ ವರ್ಷ ಉದುರಿದ್ದು, ಹನ್ನೊಂದು ಹಾಕಿದ್ದೆ, ಹತ್ತು ಏಳಲೇ ಇಲ್ಲ, ಇದೊಂದು ಎದ್ದಿದೆ, ನಿನಗೂ ಹೇಳಿರಲಿಲ್ಲ, ಹೇಳಿದ್ರೆ ನಿಲ್ಲಲ್ಲ ಅನ್ನಿಸ್ತು. ಎರಡು ಎಲೆ, ಎಷ್ಟು ಹಸಿರೆಂದರೆ ಒಳಗೆ ದೀಪ ಇದ್ದಂತೆ. ಮೊಮ್ಮಗಳು ಅಂದೆ, ಅತ್ತಿಗೆ ನಕ್ಕರು, ಹಲ್ಲು ಕಾಣುವ ಹಾಗೆ, ಇಬ್ಬರೂ ಅಂಗಳಕ್ಕೆ ಬಂದೆವು, ಅಣ್ಣನ ಬೂದಿ ಹೂತ ಕಡೆ, ಆ ಕಡೆ ಮಣ್ಣು ಚೆನ್ನಾಗಿದೆ ಅಂತ ನಾನೇ ಹೇಳಿದ್ದೆನಲ್ಲ, ಮರದ ಚಮಚದಿಂದ ಗುಳಿ ತೋಡಿ, ಕುಂಡದಿಂದ ಮಣ್ಣು ಸಮೇತ ಬಿಡಿಸಿ, ಮಗುವಿನ ತಲೆ ಹಿಡಿಯುವ ಹಾಗೆ ಹಿಡಿದು ನಟ್ಟರು, ಬೊಗಸೆಯಲ್ಲಿ ನೀರು, ನೋಡಿ ನಿಮ್ಮ ಜೊತೆಗೆ ಬಿಟ್ಟಿದ್ದೀನಿ ಅಂತ ಮಣ್ಣಿಗೆ ಹೇಳಿದರು. ಮುಗಿಯಿತು ಅಂದುಕೊಂಡೆ. ಚೀಲ ತಾ ಅಂದರು. ಯಾವ ಚೀಲ ಅತ್ತಿಗೆ? ಅಯ್ಯೋ ಅವರ ಅಂಗಿದು, ಬಾಗಿಲ ಹಿಂದೆ ತುಂಬಿಸಿಟ್ಟಿದ್ದೀನಿ, ಅಜ್ಜಿಗೆ ಒಂದು ಹೆಜ್ಜೆ ದೂರ ಹಾಕಿದ್ವಲ್ಲ, ಅದಕ್ಕೇ ಬೂಷ್ಟು ಕೆಳಗಿಂದ ನುಗ್ಗಿರೋದು, ಈ ಸಲ ಹತ್ತಿರ ಹಾಕೋಣ, ದಪ್ಪಗೆ ಹಾಕೋಣ, ದಿನಾ ಹಾಕೋಣ. ನಾನು ಹೋದೆ, ನನ್ನ ಕಾಲು ಹೋದವು, ಚೀಲ ತಂದೆ, ಹಿಡಿದುಕೊಂಡು ನಿಂತೆ, ಇಪ್ಪತ್ತಮೂರು, ಅತ್ತಿಗೆ ಗುನುಗುತ್ತಿದ್ದಾರೆ, ಮುಷ್ಟಿ ತುಂಬಿಕೊಂಡು ಮಂಡಿಯೂರಿದರು, ಹೇಳು, ಈಗ ಹೇಳು, ನಾಲಗೆ ಇದ್ದಲ್ಲೇ ಇದೆ, ಎರಡು ಎಲೆ, ಬೂಷ್ಟಲ್ಲ ಅತ್ತಿಗೆ, ಬರುತ್ತಿಲ್ಲ, ಮುಷ್ಟಿ ಬಾಗಿತು, ಕಿರುಬೆರಳಿನ ಸಂದಿಯಿಂದ ಮೊದಲ ಹರಳು ಇಣುಕಿತು, ಎರಡು ಎಲೆ — ನನ್ನ ಕೈ ಹೋಯಿತು, ನಾನು ಕಳಿಸಿದ್ದಲ್ಲ, ತಾನಾಗಿ ಹೋಗಿ ಗಿಡದ ಮೇಲೆ ಸೂರಿನ ಹಾಗೆ ಕವಿಚಿಕೊಂಡು ನಿಂತಿತು, ಉಪ್ಪು ಕೈಯ ಮೇಲೆ ಬಿತ್ತು. ಕೈ ತೆಗಿಯೇ. ತೆಗೆಯಲಿಲ್ಲ. ತೆಗಿ ಕಣೇ, ಗೆರೆ ಕೆಡುತ್ತೆ. ತೆಗೆಯಲಿಲ್ಲ. ಗುನುಗು ನಿಂತಿತು, ಅತ್ತಿಗೆ ನನ್ನ ಕೈ ನೋಡಿದರು, ಮುಖ ನೋಡಿದರು, ಹಿಂದೆ ತಿರುಗಿ ಅಜ್ಜಿಯನ್ನು ಬುಡದಿಂದ ತುದಿಯ ತನಕ ನಿಧಾನವಾಗಿ ನೋಡಿದರು, ಉಪ್ಪಾ ಅಂದರು, ಅವರ ದನಿ ಅಲ್ಲ ಅದು, ನಾನು ತಲೆಯಾಡಿಸಿದೆ, ಮುಷ್ಟಿ ಮುಚ್ಚುವುದನ್ನು ಮರೆತಿದೆ, ಉಪ್ಪು ಬೀಳುತ್ತಿದೆ, ನನ್ನ ಕೈಮೇಲೆ ಬೀಳುತ್ತಿದೆ, ಕೆಳಗೆ ಅಂಗೈಗೆ ತಣ್ಣಗೆ ತಾಗುತ್ತಿವೆ ಎರಡು ಎಲೆ, ಬೀಳುತ್ತಿದೆ, ತಾಗುತ್ತಿವೆ, ಎರಡು ಎಲೆ, ಎರಡು ಎಲೆ