ಬೇಲಿಗೂಟದ ಮೇಲಿನ ಕೈಗವಸು

ದಾರಿಯಲ್ಲಿ ಬಿದ್ದ ಕೈಗವಸನ್ನು ಕಂಡವರು ಎತ್ತಿ ಹತ್ತಿರದ ಬೇಲಿಗೂಟಕ್ಕೆ ಸಿಕ್ಕಿಸುತ್ತಾರೆ. ಕಳೆದುಕೊಂಡವರು ಬಂದ ದಾರಿಯಲ್ಲೇ ತಿರುಗಿ ಹೋದರೆ ಹಿಮದ ನಡುವೆ ಅದು ಕಾದಿರುತ್ತದೆ. ಆ ಹಿಮನಾಡಿನ ಊರಿನಲ್ಲಿ ಇಂಗುನ್ ಹುಟ್ಟಿದಾಗಿನಿಂದ ಕಂಡದ್ದು ಇದೇ. ಆದ್ದರಿಂದ ಅಮ್ಮ ಹೆಣೆದ ಜೋಡಿಯಲ್ಲಿ ಬಲಗೈಯದು ಕಾಣೆಯಾದಾಗ ಅವಳು ಗಾಬರಿಯಾಗಲಿಲ್ಲ. ಚರ್ಚಿನಿಂದ ದೋಣಿಕಟ್ಟೆಯವರೆಗಿನ ಗೂಟಗಳನ್ನೆಲ್ಲ ನೋಡಿಬಂದಳು. ಇರಲಿಲ್ಲ. ಮರುದಿನವೂ ಇರಲಿಲ್ಲ. ಇನ್ನೊಂದು ಹೆಣೆದುಕೊಡಲು ಅಮ್ಮ ಈಗ ಇರಲಿಲ್ಲ.

ದುಃಖದ ಜೊತೆಗೇ ಒಂದು ಪ್ರಶ್ನೆ ಕೊರೆಯತೊಡಗಿತು. ಕಾಲ ಕೆಟ್ಟಿದೆ, ಸರಿ. ಸೈಕಲ್ ಕದಿಯುತ್ತಾರೆ, ಅದು ಅರ್ಥವಾಗುತ್ತದೆ. ಒಂಟಿ ಕೈಗವಸನ್ನು ಕದ್ದು ಯಾರು ಏನು ಮಾಡುತ್ತಾರೆ?

ಅದನ್ನು ತಿಳಿಯಲೇಬೇಕೆಂದು, ಉಳಿದ ಎಡಗೈಯದನ್ನು ಮನೆಯೆದುರಿನ ಗೂಟಕ್ಕೆ ಸಿಕ್ಕಿಸಿ ಕಿಟಕಿಯ ಬಳಿ ಕೂತಳು. ಕಾಫಿ ಆರಿತು. ಅಷ್ಟರಲ್ಲಿ ಹಿಂದೆ ದೋಣಿ ನಡೆಸುತ್ತಿದ್ದ ಮುದುಕ ತೊರ್ಗೈರ್ ಬಂದ. ಅತ್ತಿತ್ತ ನೋಡಿದ. ಕೈಗವಸನ್ನು ಕೋಟಿನೊಳಗೆ ಸೇರಿಸಿ ನಡೆದೇಬಿಟ್ಟ!

ಇಂಗುನ್ ಕೋಟಿಲ್ಲದೆಯೇ ಹೊರಗೋಡಿದಳು. "ತೊರ್ಗೈರ್! ಅದು ನಂದು!"

"ಹಂಗಂತ ಯಾರು ಬೇಕಾದ್ರೂ ಹೇಳಬಹುದಮ್ಮ."

"ಕೋಟೊಳಗೆ ಬಚ್ಚಿಟ್ಕೊಂಡು ಹೋಗ್ತಿರೋರು ನೀವು. ಸಾಕ್ಷಿ ನಾನು ಕೊಡ್ಬೇಕಾ?"

"ಬಚ್ಚಿಡ್ತಿಲ್ಲ, ಜೋಪಾನ ಮಾಡ್ತಿದೀನಿ. ಹೊರಗೆ ಬಿಟ್ರೆ ಈಗಿನ ಜನ ಉಳಿಸ್ತಾರಾ? ನಿಂದೇ ಆದ್ರೆ ಇದರ ಜೋಡಿ ತೋರ್ಸು."

"ಅದೂ ನಿಮ್ಮ ಹತ್ರಾನೇ ಇರ್ಬೇಕು!"

ತೊರ್ಗೈರ್ ಗಡ್ಡ ಕೆರೆದುಕೊಂಡ. "ಇಂಥದ್ದೊಂದು ಇರೋದೇನೋ ನಿಜ."

ಅವನ ಮನೆಯ ಪೆಟ್ಟಿಗೆಯ ತುಂಬ ಕೈಗವಸುಗಳು, ಟೋಪಿಗಳು, ಮಗುವಿನದೊಂದು ಹಳದಿ ಶಾಲು. ಎಲ್ಲವನ್ನೂ ಒಗೆದು ಮಡಿಸಿಟ್ಟಿದ್ದ. ಬಲಗೈಯದು ಮೇಲೆಯೇ ಇತ್ತು. ಇಂಗುನ್ ಕೈ ಚಾಚಿದರೆ ಅವನು ಹಿಂದಕ್ಕೆಳೆದುಕೊಂಡ.

"ಹೆಬ್ಬೆರಳ ಒಳಗೆ ಏನಿದೆ, ಹೇಳು ನೋಡೋಣ."

"ನೀಲಿ ದಾರ. ಅಮ್ಮನಿಗೆ ಕೆಂಪು ಸಾಲಲಿಲ್ಲ."

ಅವನು ಒಳಮಗ್ಗುಲು ತಿರುವಿ ನೋಡಿದ. ನೀಲಿಯೇ. ಎರಡನ್ನೂ ಕೊಟ್ಟ. ಅವಳು ಅಲ್ಲೇ ತೊಟ್ಟುಕೊಂಡಳು.

"ಮಿಕ್ಕಿದ್ದನ್ನ ಯಾರೂ ಕೇಳ್ಕೊಂಡು ಬರಲಿಲ್ವಾ?"

"ಒಬ್ರೂ ಇಲ್ಲ. ಜನಕ್ಕೆ ತಮ್ಮ ವಸ್ತು ಮೇಲೂ ಅಕ್ಕರೆ ಇಲ್ಲ ಈಗ."

"ಯಾರೋ ಕದ್ರು ಅಂದ್ಕೊಂಡು ಸುಮ್ಮನಾಗಿರ್ತಾರೆ. ನಾನೂ ಹಂಗೇ ಅಂದ್ಕೊಂಡೆ."

"ಕಳ್ಳ ಅಂತ ನನ್ನನ್ನಾ?" ಎಂದ ತೊರ್ಗೈರ್. ಆಮೇಲೆ ಪೆಟ್ಟಿಗೆಯಿಂದ ಒಂದು ತೆಕ್ಕೆಯಷ್ಟನ್ನು ತಾನೇ ಎತ್ತಿಕೊಟ್ಟ.

"ಹಿಡ್ಕೋ. ಮತ್ತೆ ಗೂಟಕ್ಕೇ ಸಿಕ್ಕಿಸೋಣ. ಅದೇನಾಗುತ್ತೋ ನೋಡೇಬಿಡೋಣ."

ಇಬ್ಬರೂ ಸೇರಿ ರಸ್ತೆಯುದ್ದಕ್ಕೂ ಗೂಟಗೂಟಕ್ಕೆ ಸಿಕ್ಕಿಸುತ್ತಾ ಹೋದರು. ತಿರುಗಿ ನೋಡಿದಾಗ, ಹಿಂದೆ ಬರುತ್ತಿದ್ದ ಹೆಂಗಸೊಬ್ಬಳು ಹಳದಿ ಶಾಲಿನ ಮುಂದೆ ನಿಂತಿದ್ದಳು. ಅದನ್ನು ಮುಟ್ಟಿದಳು. ಅತ್ತಿತ್ತ ನೋಡಿ ಚೀಲಕ್ಕೆ ಹಾಕಿಕೊಂಡಳು.

"ಅವಳದೇ ಅಂತ ಏನು ಗ್ಯಾರಂಟಿ?" ತೊರ್ಗೈರ್ ಅತ್ತ ಹೊರಟೇಬಿಟ್ಟ.

ಇಂಗುನ್ ಅವನ ತೋಳು ಹಿಡಿದು ನಿಲ್ಲಿಸಿದಳು. ಅವಳಿಗೂ ಕೇಳಬೇಕೆಂದು ನಾಲಿಗೆ ತುರಿಸುತ್ತಿತ್ತು.

"ಬೇಡ," ಎಂದಳು. "ಕೇಳೋದು ಬೇಡ."